ರಾಟ್‌ನೆಸ್ಟ್ ದ್ವೀಪದ ಕ್ವೊಕ್ಕಾ ನೋಡಲು ಒಂದೇ ದಿನ ಸಾಕೇ? ಎಷ್ಟು ಹತ್ತಿರ ಹೋಗಬಹುದು?

ನೀಲಿಕೊಡೆ:

ಪಶ್ಚಿಮ ಆಸ್ಟ್ರೇಲಿಯಾದ ಪರ್ತ್‌ಗೆ ಹೋಗುವವರಿದ್ದೇವೆ. ಅಲ್ಲಿಂದ ರಾಟ್‌ನೆಸ್ಟ್ ದ್ವೀಪಕ್ಕೂ ಹೋಗಿ ಕಾಂಗರೂ ಬಳಗದ ಪುಟ್ಟ ಪ್ರಾಣಿ ಕ್ವೊಕ್ಕಾ ನೋಡಬೇಕು ಅಂತ ಆಸೆ. ಇಬ್ಬರು ದೊಡ್ಡವರು, ಆರು ವರ್ಷದ ಮಗಳು, ಜೊತೆಗೆ ಮಂಡಿನೋವಿರುವ ಅತ್ತೆ. ಸೆಪ್ಟೆಂಬರ್ ಕೊನೆಗೋ ಜನವರಿಗೋ ಇನ್ನೂ ತೀರ್ಮಾನ ಆಗಿಲ್ಲ.

ಫೋಟೊಗಳಲ್ಲಿ ನೋಡಿದರೆ ಪ್ರಾಣಿಯೇ ಬಂದು ಪಕ್ಕದಲ್ಲಿ ನಿಂತು ನಗುತ್ತದೆ. ನಿಜವಾಗಿಯೂ ಅಷ್ಟು ಸುಲಭವೇ? ಮಗಳು ಮುಟ್ಟಬಹುದೇ? ಫೆರ್ರಿ ಎಲ್ಲಿಂದ ಹಿಡಿಯುವುದು ಒಳ್ಳೆಯದು? ದ್ವೀಪದಲ್ಲಿ ಕಾರಿಲ್ಲ, ಸೈಕಲ್ಲೇ ಗತಿ ಅಂತ ಓದಿದೆ. ಅತ್ತೆಗೆ ಅದು ಆಗದ ಮಾತು. ಬೆಳಿಗ್ಗೆ ಹೋಗಿ ಸಂಜೆ ಬಂದರೆ ಸಾಕೋ, ರಾತ್ರಿ ಉಳಿಯಬೇಕೋ? ಪ್ರವಾಸದ ಜಾಹೀರಾತಿನ ಥರ ಬೇಡ, ಏನು ಕೈಕೊಡುತ್ತದೆ ಅನ್ನುವುದನ್ನೂ ಹೇಳಿ.

ಉಪ್ಪುನೀರು:

ತಿಂಗಳು ನಿಮ್ಮ ಕೈಲಿದ್ದರೆ ಸೆಪ್ಟೆಂಬರೇ ಇರಲಿ. ಈ ದ್ವೀಪದ ಕ್ವೊಕ್ಕಾಗಳು ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಹೆಚ್ಚುಕಡಿಮೆ ಫೆಬ್ರವರಿ–ಮಾರ್ಚ್‌ನಲ್ಲಿ, ಮರಿ ಹಾಕುತ್ತವೆ. ಮರಿ ಸುಮಾರು ಆರು ತಿಂಗಳು ತಾಯಿಯ ಹೊಟ್ಟೆಚೀಲದಲ್ಲೇ ಬೆಳೆಯುತ್ತದೆ. ಹಾಗಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಚೀಲದಿಂದ ತಲೆಯೋ ಒಂದು ಕಾಲೋ ಹೊರಗೆ ಇಣುಕುತ್ತಿರುತ್ತದೆ. ಚಳಿಗಾಲದ ಮಳೆ ಆಗತಾನೆ ಮುಗಿದಿರುವುದರಿಂದ ಹುಲ್ಲು ಹಸಿರಾಗಿರುತ್ತದೆ, ಪ್ರಾಣಿಗಳು ಮೈತುಂಬಿಕೊಂಡಿರುತ್ತವೆ. ಜನವರಿಯಲ್ಲಿ ಇದೆಲ್ಲ ತಲೆಕೆಳಗು: ಹುಲ್ಲು ಒಣಗಿ, ಸಿಹಿನೀರು ಬತ್ತಿ, ಬೇಸಿಗೆ ಮುಗಿಯುವಷ್ಟರಲ್ಲಿ ಅವು ತೂಕ ಕಳೆದುಕೊಂಡು ಸೊರಗುತ್ತವೆ. ಹಗಲೆಲ್ಲ ಪೊದೆಯ ಬುಡದಲ್ಲಿ ಚೆಂಡಿನಂತೆ ಮುದುರಿ ಮಲಗಿರುತ್ತವೆ.

ಒಂದು ಎಚ್ಚರಿಕೆ. ಪಶ್ಚಿಮ ಆಸ್ಟ್ರೇಲಿಯಾದ ಶಾಲೆಗಳಿಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಎರಡು ವಾರ ರಜೆ. ಡಿಸೆಂಬರ್ ನಡುವಿನಿಂದ ಜನವರಿ ಕೊನೆಯವರೆಗೆ ದೊಡ್ಡ ರಜೆ. ಈ ಎರಡೂ ಅವಧಿಯಲ್ಲಿ ಫೆರ್ರಿ, ಕೊಠಡಿ, ಸೈಕಲ್ ಯಾವುದೂ ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಸೆಪ್ಟೆಂಬರ್ ಎರಡನೇ ಅಥವಾ ಮೂರನೇ ವಾರದ ಮಂಗಳವಾರ, ಬುಧವಾರಕ್ಕೆ ಇಟ್ಟುಕೊಳ್ಳಿ.

ಫೆರ್ರಿಗೆ ಮೂರು ಕಡೆಯಿಂದ ದಾರಿ. ಫ್ರೀಮ್ಯಾಂಟಲ್ ಬಂದರಿನಿಂದ ಸುಮಾರು ಅರ್ಧ ಗಂಟೆ. ಉತ್ತರದ ಹಿಲರಿಸ್ ಬಂದರಿನಿಂದ ಮುಕ್ಕಾಲು ಗಂಟೆ. ಪರ್ತ್ ನಗರದ ನಡುವಿನ ಬ್ಯಾರಕ್ ಸ್ಟ್ರೀಟ್ ಜೆಟ್ಟಿಯಿಂದ ಹತ್ತಿರಹತ್ತಿರ ಒಂದೂವರೆ ಗಂಟೆ. ಸ್ವಾನ್ ನದಿಯಲ್ಲಿ ನಿಧಾನಕ್ಕೆ ಸಾಗಿ ಫ್ರೀಮ್ಯಾಂಟಲ್ ಮುಟ್ಟಿ ಆಮೇಲೆ ಸಮುದ್ರಕ್ಕೆ ಬೀಳುತ್ತದೆ. ನದಿ ನೋಡುವ ಆಸೆಯಿದ್ದರೆ ಅದನ್ನು ಹಿಡಿಯಿರಿ, ಇಲ್ಲವಾದರೆ ಪರ್ತ್‌ನಿಂದ ಫ್ರೀಮ್ಯಾಂಟಲ್‌ಗೆ ಅರ್ಧ ಗಂಟೆಯ ರೈಲು. ಸ್ಟೇಷನ್‌ನಿಂದ ಬಿ ಶೆಡ್ ಎಂಬ ಫೆರ್ರಿ ಕಟ್ಟೆಗೆ ನಡೆದೇ ಹೋಗಬಹುದು. ಅತ್ತೆಯವರಿಗೆ ಸ್ಟೇಷನ್ ಎದುರಿನಿಂದ ಟ್ಯಾಕ್ಸಿ ಮಾಡಿದರೂ ದೂರವೇನಲ್ಲ. ದ್ವೀಪಕ್ಕೆ ಕಟ್ಟಬೇಕಾದ ಪ್ರವೇಶ ಶುಲ್ಕ ಫೆರ್ರಿ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಟಿಕೆಟ್ ಬುಕ್ ಮಾಡುವಾಗ ಯಾವ ಕಟ್ಟೆಯಿಂದ ಹೊರಡುತ್ತದೆ ಅಂತ ಎರಡು ಸಲ ನೋಡಿ. ಫ್ರೀಮ್ಯಾಂಟಲ್‌ನಲ್ಲೇ ಒಂದಕ್ಕಿಂತ ಹೆಚ್ಚು ಕಟ್ಟೆಗಳಿವೆ, ತಪ್ಪು ಕಟ್ಟೆಯಲ್ಲಿ ಕಾಯುತ್ತಾ ನಿಂತು ಫೆರ್ರಿ ತಪ್ಪಿಸಿಕೊಳ್ಳುವವರು ಇದ್ದಾರೆ.

ಸಮುದ್ರ ಎದ್ದಿರುವ ದಿನ ಆ ಅರ್ಧ ಗಂಟೆಯೂ ಸಣ್ಣದಲ್ಲ. ಮಗಳಿಗೆ ಬಸ್ಸಿನಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಮಕ್ಕಳ ಮಾತ್ರೆ ಯಾವುದು ಅಂತ ವೈದ್ಯರನ್ನು ಕೇಳಿಟ್ಟುಕೊಂಡು, ಹೊರಡುವ ಮೊದಲೇ ಕೊಡಿ. ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟರೆ ಅದು ಕೆಲಸ ಮಾಡುವ ಮುಂಚೆಯೇ ವಾಂತಿಯಾಗುತ್ತದೆ. ಕೆಳಗಿನ ಅಂತಸ್ತಿನಲ್ಲಿ, ಹಿಂಭಾಗದಲ್ಲಿ, ಕಿಟಕಿ ಪಕ್ಕ ಕೂರಿ. ಅಲ್ಲಿ ಕುಲುಕಾಟ ಕಡಿಮೆ. ಫೋನ್ ನೋಡದೆ ದಿಗಂತ ನೋಡಲು ಹೇಳಿ.

ಒಂದು ದಿನ ಸಾಕೇ ಅಂದರೆ, ಕ್ವೊಕ್ಕಾ ನೋಡುವುದಕ್ಕಷ್ಟೇ ಆದರೆ ಸಾಕು. ಷರತ್ತು ಏನೆಂದರೆ ಬೆಳಗಿನ ಮೊದಲ ಫೆರ್ರಿಯಲ್ಲಿ ಹೋಗಿ ಕೊನೆಯದರಲ್ಲಿ ಬರಬೇಕು. ಅವು ಮೂಲತಃ ರಾತ್ರಿ ಮೇಯುವ ಪ್ರಾಣಿ. ಹತ್ತೂವರೆಗೆ ಇಳಿದು ಮೂರಕ್ಕೆ ಹೊರಟುಬಿಡುವವರಿಗೆ ಸಿಗುವುದು ಅವುಗಳ ನಿದ್ದೆಯ ಹೊತ್ತು. ನಾಲ್ಕು ಗಂಟೆ ದಾಟಿದ ಮೇಲೆ ಅದೇ ಪ್ರಾಣಿಗಳು ಮೈಮುರಿದು ಎದ್ದು ಹುಲ್ಲಿಗೆ ಬರುತ್ತವೆ.

ಗಿಡ್ಡಬಾಲ:

ಫೆರ್ರಿಯ ವಿಷಯ ಮೇಲಿನವರು ಹೇಳಿಯಾಯಿತು. ನಾನು ಪ್ರಾಣಿಯ ಕಡೆಯಿಂದ ಹೇಳುತ್ತೇನೆ.

ಕ್ವೊಕ್ಕಾ ಅಂದರೆ ಕಾಂಗರೂ ಬಳಗದ್ದೇ ಒಂದು ಸಣ್ಣ ಜಾತಿ. ಸಾಕಿದ ಬೆಕ್ಕಿನಷ್ಟು ಗಾತ್ರ, ತೂಕ ಎರಡೂವರೆಯಿಂದ ಐದು ಕಿಲೊ. ದುಂಡು ಕಿವಿ, ಇಲಿಬಾಲದಂತೆ ಕಾಣುವ, ಆದರೆ ಗಿಡ್ಡ ಬಾಲ. ದ್ವೀಪದಲ್ಲಿ ಹತ್ತು ಸಾವಿರದ ಆಸುಪಾಸು ಇವೆ ಎಂಬುದು ಸಾಮಾನ್ಯ ಅಂದಾಜು. ಮುಖ್ಯಭೂಮಿಯಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಚಿಕ್ಕ ಗುಂಪು, ಅವೂ ಮನುಷ್ಯರ ಕಣ್ಣಿಗೆ ಬೀಳದ ಹಾಗೆ ದಟ್ಟ ಪೊದೆಯಲ್ಲಿ ಅಡಗಿ ಬದುಕುತ್ತವೆ. ಒಂದೇ ಜಾತಿ, ನಡತೆ ಬೇರೆ. ಯಾಕೆಂದರೆ ಮುಖ್ಯಭೂಮಿಗೆ ಯುರೋಪಿನವರು ತಂದ ನರಿ ಮತ್ತು ಬೆಕ್ಕು ಅವನ್ನು ಹಿಡಿದು ತಿಂದವು. ರಾಟ್‌ನೆಸ್ಟ್ ಸುಮಾರು 7,000 ವರ್ಷಗಳ ಹಿಂದೆಯೇ ಸಮುದ್ರ ಏರಿ ಬೇರೆಯಾದ ನೆಲ, ಅಲ್ಲಿಗೆ ನರಿ ಮುಟ್ಟಲೇ ಇಲ್ಲ. ನೆಲದ ಮೇಲೆ ಓಡಿಬಂದು ಹಿಡಿಯುವ ದೊಡ್ಡ ಶತ್ರುವನ್ನು ಕಾಣದ ಪ್ರಾಣಿಗೆ ನಿಮ್ಮನ್ನು ಕಂಡರೆ ಹೆದರಬೇಕೆಂಬ ಪಾಠವೇ ಇಲ್ಲ. ಇದನ್ನು ಪ್ರೀತಿ ಅಂದುಕೊಳ್ಳಬೇಡಿ, ಕುತೂಹಲ ಅಂದುಕೊಳ್ಳಿ. ನಗುವೂ ಹಾಗೆಯೇ, ಬಾಯಿಯ ಅಂಚು ಮೇಲಕ್ಕೆ ತಿರುಗಿರುವ ಮುಖದ ರಚನೆ ಅದು. ಸೆಕೆಯಲ್ಲಿ ಏದುಸಿರು ಬಿಡುವಾಗ ಬಾಯಿ ತೆರೆದರೆ ಇನ್ನೂ ದೊಡ್ಡ ನಗುವಿನ ಹಾಗೆ ಕಾಣುತ್ತದೆ. ಬಿಸಿಲಲ್ಲಿ "ನಗುತ್ತಿರುವ" ಪ್ರಾಣಿಯನ್ನು ನೆರಳಿನಿಂದ ಎಬ್ಬಿಸುವುದು ಅದಕ್ಕೆ ಶಿಕ್ಷೆ.

ಮುಟ್ಟಬಹುದೇ? ಇಲ್ಲ. ಎತ್ತಿಕೊಳ್ಳುವುದು, ಸವರುವುದು, ಏನನ್ನಾದರೂ ತಿನ್ನಿಸುವುದು, ಕುಡಿಯಲು ನೀರು ಕೊಡುವುದು ಯಾವುದೂ ಇಲ್ಲ. ಸ್ಥಳದಲ್ಲೇ 300 ಆಸ್ಟ್ರೇಲಿಯನ್ ಡಾಲರ್ ದಂಡ ಹಾಕುವ ಅಧಿಕಾರ ಅಲ್ಲಿನ ರೇಂಜರ್‌ಗಳಿಗಿದೆ. ಹಿಂಸೆ ಮಾಡಿದರೆ ಪ್ರಾಣಿ ಕಲ್ಯಾಣ ಕಾಯ್ದೆಯಡಿ 50,000 ಡಾಲರ್‌ವರೆಗೆ ದಂಡ, ಐದು ವರ್ಷದವರೆಗೆ ಜೈಲು. 2015ರಲ್ಲಿ ಒಂದು ಕ್ವೊಕ್ಕಾಕ್ಕೆ ಬೆಂಕಿ ತಾಗಿಸಿದ ಇಬ್ಬರು ಫ್ರೆಂಚ್ ಪ್ರವಾಸಿಗರಿಗೆ ತಲಾ 4,000 ಡಾಲರ್ ದಂಡ ಬಿತ್ತು. ಅದೇ ಪ್ರಾಣಿ ತಾನಾಗಿ ಬಂದು ನಿಮ್ಮ ಬೂಟು ಮೂಸಿದರೆ, ಮೊಣಕಾಲಿಗೆ ಮುಂಗಾಲು ಊರಿದರೆ ನಿಮ್ಮ ತಪ್ಪೇನಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರಿ.

ಬ್ರೆಡ್, ಬಿಸ್ಕತ್ತು, ಚಿಪ್ಸ್ ಯಾಕೆ ಕೂಡದು ಅಂದರೆ, ಇವುಗಳ ಹೊಟ್ಟೆ ಹಸುವಿನಂತೆ ಎಲೆ–ಹುಲ್ಲನ್ನು ಹುಳಿಸಿ ಅರಗಿಸಿಕೊಳ್ಳುವಂಥದು. ಹಿಟ್ಟಿನ ಪದಾರ್ಥ ಹೋದರೆ ಒಳಗಿನ ಲೆಕ್ಕ ಕೆಡುತ್ತದೆ. ಜೊತೆಗೆ ಬ್ರೆಡ್ಡಿನ ಅಂಟು ಹಲ್ಲುಸಂದಿಯಲ್ಲಿ ಸಿಕ್ಕಿಕೊಂಡು ಕೊಳೆತು, ಸೋಂಕು ದವಡೆ ಎಲುಬಿಗೆ ಇಳಿದು ಗಡ್ಡೆಯಾಗಿ ಊದುತ್ತದೆ. ಆಮೇಲೆ ಅದಕ್ಕೆ ಹುಲ್ಲು ಕಚ್ಚುವುದೇ ಕಷ್ಟ. ಅಂಗಡಿ ಸಾಲಿನ ಹತ್ತಿರ ಸುಳಿಯುವ ಕ್ವೊಕ್ಕಾ ಬೆನ್ನುಬಿದ್ದು ಕೇಳುತ್ತದೆ, ಮಗುವಿನ ಮನಸ್ಸು ಕರಗುತ್ತದೆ. ದಡ ಮುಟ್ಟುವ ಮೊದಲೇ ಮಗಳಿಗೆ ಹೇಳಿಟ್ಟಿರಿ.

ನಮ್ಮ ಕಡೆಗೂ ಅಪಾಯವಿದೆ. ಇವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಸಾಮಾನ್ಯ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಹಿಕ್ಕೆ ಎಲ್ಲಾ ಹುಲ್ಲುಹಾಸಿನ ಮೇಲೂ ಬಿದ್ದಿರುತ್ತದೆ: ಕಪ್ಪು ಕಂದು ಬಣ್ಣ, ಕಡಲೆಕಾಳಿನಷ್ಟು. ಹುಲ್ಲಿನ ಮೇಲೆ ಒರಗಿ ಫೋಟೊ ತೆಗೆದುಕೊಂಡ ಕೈಯಲ್ಲೇ ಐಸ್‌ಕ್ರೀಂ ಹಿಡಿದರೆ ಹೊಟ್ಟೆ ಕೆಡುತ್ತದೆ. ಸೋಪು ಹಾಕಿ ತೊಳೆಯಿರಿ, ಬರೀ ಒರೆಸಿಕೊಂಡರೆ ಆಗದು. ಕೂರಲು ಒಂದು ಹಳೇ ಬೆಡ್‌ಶೀಟು ಒಯ್ಯಿರಿ.

ಇನ್ನು ಫೋಟೊ. 2017ರ ಡಿಸೆಂಬರಿನಲ್ಲಿ ಟೆನಿಸ್ ಆಟಗಾರ ರೋಜರ್ ಫೆಡರರ್ ತೆಗೆದುಕೊಂಡ ಸೆಲ್ಫಿ ಲೋಕವೆಲ್ಲ ಓಡಾಡಿದ ಮೇಲೆ ಬರುವವರೆಲ್ಲರಿಗೂ ಅದೇ ಬೇಕು. ಎಲ್ಲರೂ ಮಾಡುವ ತಪ್ಪು ಎಂದರೆ ನಿಂತುಕೊಂಡು ಹತ್ತಿರ ಹೋಗುವುದು. ಎತ್ತರದ ಆಕೃತಿ ಮೇಲೆ ಬಾಗಿ ಬಂದರೆ ಅದು ಜಿಗಿದು ಸರಿಯುತ್ತದೆ, ನೀವು ಹಿಂದೆ ಹೋಗುತ್ತೀರಿ, ಅದು ಪೊದೆ ಸೇರುತ್ತದೆ. ಮೂರು ನಾಲ್ಕು ಮೀಟರ್ ದೂರದಲ್ಲೇ ಕೂತುಬಿಡಿ, ಆದರೆ ಅದರ ಮತ್ತು ಪೊದೆಯ ನಡುವೆ ಕೂರಬೇಡಿ. ತಪ್ಪಿಸಿಕೊಳ್ಳುವ ದಾರಿ ತೆರೆದಿದ್ದರೆ ಮಾತ್ರ ಅದಕ್ಕೆ ಧೈರ್ಯ. ಬೆನ್ನು ಅಥವಾ ಪಕ್ಕ ಅದರ ಕಡೆಗೆ ಮಾಡಿ, ಫೋನನ್ನು ನೆಲದಿಂದ ಒಂದು ಗೇಣು ಎತ್ತರದಲ್ಲಿ ಮುಂದಿನ ಕ್ಯಾಮೆರಾ ಮೇಲ್ಮುಖವಾಗಿ ಹಿಡಿದು ಕಾಯಿರಿ. ಐದು ನಿಮಿಷದಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಬೇರೆ ಪ್ರಾಣಿ ನೋಡಿ. ಮೂತಿ ಹತ್ತಿರ ತಂದು ಲೆನ್ಸ್ ಮೂಸುವುದೇ ಅದರ ಅಭ್ಯಾಸ, ಆ ಕ್ಷಣಕ್ಕೆ ಒಂದೇ ಸಮನೆ ಹಲವು ಫೋಟೊ ತೆಗೆಯುವ ಬರ್ಸ್ಟ್ ಮೋಡ್ ಇಟ್ಟಿರಿ. ಆಮೇಲೆ ಲೆನ್ಸ್ ಒರೆಸಿ, ಒದ್ದೆ ಮೂಗಿನ ಗುರುತು ಉಳಿದು ಮುಂದಿನದೆಲ್ಲ ಮಂಜಾಗುತ್ತದೆ. ಫ್ಲ್ಯಾಶ್ ಬೇಡವೇ ಬೇಡ.

ಚೀಲದಲ್ಲಿ ಮರಿ ಇರುವ ತಾಯಿಯಾದರೆ ಇನ್ನೂ ದೂರ. ಅಟ್ಟಿಸಿಕೊಂಡು ಹೋದರೆ ಗಾಬರಿಗೆ ಚೀಲದ ಸ್ನಾಯು ಸಡಿಲಗೊಂಡು ಮರಿ ಕೆಳಗೆ ಬೀಳುತ್ತದೆ.

ಮಳೆಬಿಲ್ಲು:

ಇಷ್ಟೆಲ್ಲ ಸರ್ಕಸ್ ಯಾಕೆ? ಪಕ್ಕದ ಗಿಡದ್ದು ಒಂದು ಎಲೆ ಕಿತ್ತು ಹಿಡಿದರೆ ತಾನಾಗೇ ಬರುತ್ತೆ. ಎಲೆ ಅದರ ಸ್ವಂತ ಆಹಾರ ತಾನೆ, ಬ್ರೆಡ್ ಅಲ್ವಲ್ಲ. ಇಂಟರ್‌ನೆಟ್ಟಿನಲ್ಲಿರೋ ಅರ್ಧಕ್ಕರ್ಧ ಫೋಟೊ ಹಾಗೇ ತೆಗೆದಿರೋದು.

ಗಿಡ್ಡಬಾಲ:

ಎಲೆ ಅದರ ಆಹಾರ ಹೌದು, ನಿಮ್ಮ ಕೈ ಅದರ ತಟ್ಟೆಯಲ್ಲ. ನಿಯಮದಲ್ಲಿ "ಎಲೆ ಬಿಟ್ಟು" ಅಂತ ಇಲ್ಲ, ತಿನ್ನಿಸುವುದು ಅಂದರೆ ತಿನ್ನಿಸುವುದೇ. ಇಡೀ ದ್ವೀಪ ಎ–ದರ್ಜೆಯ ಮೀಸಲು ಪ್ರದೇಶ, ಗಿಡ ಕೀಳುವುದೂ ತಪ್ಪು. ಅಲ್ಲಿ ಗಿಡ ಎಬ್ಬಿಸುವುದೇ ಒಂದು ಯುದ್ಧ. 1955ರ ದೊಡ್ಡ ಬೆಂಕಿಯಾದ ಮೇಲೆ ಚಿಗುರಿದ್ದನ್ನೆಲ್ಲ ಕ್ವೊಕ್ಕಾಗಳೇ ಮೇಯ್ದು ಮುಗಿಸಿದ್ದರಿಂದ, ಈಗ ಬೇಲಿ ಹಾಕಿ ಅದರೊಳಗೆ ಸಸಿ ನೆಡುತ್ತಾರೆ. ದಾರಿಯಲ್ಲಿ ಅಂಥ ಬೇಲಿ, ಗೇಟು ಸಿಕ್ಕರೆ ತೆರೆದಿಟ್ಟು ಹೋಗಬೇಡಿ.

ಜೊತೆಗೆ ವಸತಿಯಿರುವ ಕಡೆ ಬೆಳೆಸಿರುವ ಗಿಡಗಳೆಲ್ಲ ಅಲ್ಲಿನ ಮೂಲ ಗಿಡಗಳಲ್ಲ, ಯಾವುದರ ಎಲೆ ಅದಕ್ಕೆ ಆಗಿಬರುತ್ತದೆ ಅಂತ ಪ್ರವಾಸಿಗೆ ಹೇಗೆ ಗೊತ್ತು? ಇನ್ನೊಂದು: ಚಾಚಿದ ಬೆರಳೆಂದರೆ ತಿಂಡಿ ಅಂತ ಕಲಿತ ಕ್ವೊಕ್ಕಾ ಮುಂದಿನ ಮಗುವಿನ ಬರಿಬೆರಳನ್ನೂ ಕಚ್ಚಿ ನೋಡುತ್ತದೆ. ಹುಲ್ಲು ಕತ್ತರಿಸುವ ಹಲ್ಲು ಅದು, ರಕ್ತ ಬರುತ್ತದೆ.

ಎಲೆಯ ಹಂಗಿಲ್ಲದೆ ಹತ್ತಿರದಿಂದ ನೋಡಬೇಕಾದರೆ ದೊಡ್ಡ ಅತ್ತಿಜಾತಿಯ ಮರಗಳ ಕೆಳಗೆ ಹೋಗಿ. ಫೆರ್ರಿ ಬಂದು ನಿಲ್ಲುವ ಥಾಮ್ಸನ್ ಬೇ ವಸತಿಯ ನಡುವೆ ಹಳೆಯ ಮೊರ್ಟನ್ ಬೇ ಫಿಗ್ ಮರಗಳಿವೆ. ಉದುರಿದ ಹಣ್ಣನ್ನು ಎರಡೂ ಮುಂಗಾಲಿನಲ್ಲಿ ಹಿಡಿದು, ಸುತ್ತ ತಿರುಗಿಸುತ್ತ, ಪುಟ್ಟ ಮಗು ಲಾಡು ತಿನ್ನುವ ಹಾಗೆ ಕೂತು ತಿನ್ನುತ್ತವೆ. ಆಗ ಅವಕ್ಕೆ ನಿಮ್ಮ ಗೊಡವೆಯೇ ಇರುವುದಿಲ್ಲ, ಎರಡು ಮೀಟರ್ ದೂರದಲ್ಲಿ ಕೂತು ಎಷ್ಟು ಬೇಕಾದರೂ ನೋಡಿ.

ಎದುರುಗಾಳಿ:

ಸೈಕಲ್ ವಿಷಯ ನನಗಿರಲಿ.

ದ್ವೀಪ ಉದ್ದಕ್ಕೆ 11 ಕಿಲೋಮೀಟರ್, ಅಗಲ ಹೆಚ್ಚೆಂದರೆ ನಾಲ್ಕೂವರೆ. ಪೂರ್ತಿ ಒಂದು ಸುತ್ತು ಸುಮಾರು 22 ಕಿಲೋಮೀಟರ್. ಓದಿದಾಗ ಅಂಗೈಯಗಲ ಅನ್ನಿಸುತ್ತದೆ. ಆದರೆ ರಸ್ತೆ ಸಮತಟ್ಟಲ್ಲ, ಏರಿಳಿತದ ಮೇಲೆ ಏರಿಳಿತ. ಗೇರ್ ಇಲ್ಲದ ಸೈಕಲ್ ತೆಗೆದುಕೊಂಡವರು ನೂಕಿಕೊಂಡೇ ನಡೆಯುತ್ತಾರೆ. ಬ್ಯಾಟರಿ ಸೈಕಲ್ ಬಾಡಿಗೆ ಜಾಸ್ತಿ, ಆದರೆ ಪಶ್ಚಿಮ ತುದಿಗೆ ಹೋಗುವವರಿಗೆ ಆ ದುಡ್ಡು ದಂಡವಲ್ಲ.

ಗಾಳಿ ನೋಡಿ ಹೊರಡಿ. ಬೇಸಿಗೆಯಲ್ಲಿ ಅಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಪೂರ್ವಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದಿಂದ ಜೋರಾದ ನೈಋತ್ಯ ಗಾಳಿ. ಆ ಮಧ್ಯಾಹ್ನದ ಗಾಳಿಗೆ ಅಲ್ಲಿಯವರು ಫ್ರೀಮ್ಯಾಂಟಲ್ ಡಾಕ್ಟರ್ ಅನ್ನುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಪಶ್ಚಿಮ ತುದಿಗೆ ಹೊರಟರೆ ಬೆನ್ನಿಗೆ ಗಾಳಿ, ಮಧ್ಯಾಹ್ನ ಮರಳುವಾಗಲೂ ಬೆನ್ನಿಗೇ ಗಾಳಿ. ತಡವಾಗಿ ಎದ್ದು, ಊಟ ಮಾಡಿ, ಒಂದು ಗಂಟೆಗೆ ಪಶ್ಚಿಮಕ್ಕೆ ಹೊರಟವರಿಗೆ ಹೋಗುವ ದಾರಿಯೆಲ್ಲ ಎದೆಗೆ ಗಾಳಿ, ಮೇಲೆ ಬಿಸಿಲು, ಕೊನೆಗೆ ಫೆರ್ರಿಯ ಆತಂಕ. ಸೆಪ್ಟೆಂಬರ್‌ನಲ್ಲಿ ಗಾಳಿ ಇಷ್ಟು ನಿಯಮ ಪಾಲಿಸುವುದಿಲ್ಲ, ಹಿಂದಿನ ರಾತ್ರಿ ಹವಾಮಾನ ಮುನ್ಸೂಚನೆ ನೋಡಿಕೊಳ್ಳಿ.

ಹೆಲ್ಮೆಟ್ ಕಡ್ಡಾಯ, ಮಕ್ಕಳಿಗೂ. ಬಾಡಿಗೆ ಸೈಕಲ್ ಜೊತೆಗೇ ಕೊಡುತ್ತಾರೆ. ಪಟ್ಟಿ ಗದ್ದಕ್ಕೆ ಎರಡು ಬೆರಳು ಹಿಡಿಸುವಷ್ಟು ಬಿಗಿ ಮಾಡಿ. ಹೊರಡುವ ಮೊದಲು ಅಲ್ಲೇ ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ನೂಕಿ ನೋಡಿ, ಸೀಟು ಎತ್ತರ ಸರಿಮಾಡಿಸಿ, ಎಲ್ಲಾ ಗೇರೂ ಬೀಳುತ್ತದಾ ಪರೀಕ್ಷಿಸಿ. ಉಪ್ಪುಗಾಳಿಗೆ ಚೈನು ತುಕ್ಕು ಹಿಡಿಯುವುದು ಬೇಗ. ಮೂರು ಕಿಲೋಮೀಟರ್ ಹೋದ ಮೇಲೆ ಗೊತ್ತಾದರೆ ಬದಲಾಯಿಸಿಕೊಡುವವರು ಯಾರೂ ಇಲ್ಲ. ಆರು ವರ್ಷದವಳಿಗೆ ಹಿಂದೆ ಕಟ್ಟುವ ಗಾಡಿಯೋ ದೊಡ್ಡ ಸೈಕಲ್ಲಿಗೆ ಜೋಡಿಸುವ ಅರ್ಧ ಸೈಕಲ್ಲೋ ಸಿಗುತ್ತದೆ. ಅವಳ ತೂಕ, ಎತ್ತರ ಹೇಳಿ ಮುಂಚೆಯೇ ಕಾದಿರಿಸಿ. ಅವಳೇ ತುಳಿಯುತ್ತೇನೆ ಅಂದರೆ ವಸತಿಯ ಸುತ್ತಮುತ್ತ, ಉಪ್ಪುಕೆರೆಗಳ ಬದಿಯವರೆಗೆ ಸಾಕು.

ಥಾಮ್ಸನ್ ಬೇ ಮತ್ತು ಜಿಯೋರ್ಡಿ ಬೇ ಬಿಟ್ಟರೆ ಅಂಗಡಿಯನ್ನು ನಂಬಿಕೊಂಡು ಹೋಗಬೇಡಿ. ಪಶ್ಚಿಮಕ್ಕೆ ಹೋಗುವವರು ತಲಾ ಎರಡು ಲೀಟರ್ ನೀರು ಇಟ್ಟುಕೊಳ್ಳಿ. ಮರದ ನೆರಳು ಆ ಕಡೆ ಇಲ್ಲವೆಂದೇ ಲೆಕ್ಕ.

ಪಶ್ಚಿಮದ ಕೇಪ್ ವ್ಲಾಮಿಂಗ್ ತುದಿಗೆ ಹೋಗುವಾಗ ಕೆಥೀಡ್ರಲ್ ರಾಕ್ಸ್ ಎಂಬಲ್ಲಿ ನೋಡುವ ಕಟ್ಟೆ ಇದೆ. ಕೆಳಗೆ ನೀರಿನಲ್ಲಿ ಉದ್ದಮೂತಿಯ ತುಪ್ಪುಳು ಸೀಲ್‌ಗಳು ಅಂಗಾತ ತೇಲುತ್ತ ಈಜುಕಾಲನ್ನು ಗಾಳಿಗೆ ಎತ್ತಿ ಹಿಡಿದಿರುತ್ತವೆ, ಮೈ ಶಾಖ ಹದಕ್ಕೆ ಇಟ್ಟುಕೊಳ್ಳುವ ಉಪಾಯ ಅದು. ಬರಿಗಣ್ಣಿಗೆ ಕಪ್ಪು ಕಡ್ಡಿ ಚುಚ್ಚಿದ ಹಾಗೆ ಕಾಣುತ್ತದೆ, ದುರ್ಬೀನು ಬೇಕು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ದಕ್ಷಿಣಕ್ಕೆ ಮರಳುವ ಹಂಪ್‌ಬ್ಯಾಕ್ ತಿಮಿಂಗಿಲಗಳೂ ಆ ತುದಿಯಿಂದ ಕಾಣುವುದುಂಟು.

ಅತ್ತೆಯವರಿಗೆ ಬಸ್ಸಿದೆ. ಐಲೆಂಡ್ ಎಕ್ಸ್‌ಪ್ಲೋರರ್ ಅಂತ, ಒಂದು ದಿನದ ಟಿಕೆಟ್ ತೆಗೆದುಕೊಂಡರೆ ಎಲ್ಲಿ ಬೇಕಾದರೂ ಇಳಿದು ಮುಂದಿನ ಬಸ್ ಹತ್ತಬಹುದು. ಕೊನೆಯ ಬಸ್ ಎಷ್ಟಕ್ಕೆ ಅಂತ ಚಾಲಕರನ್ನೇ ಕೇಳಿ, ನಿಲ್ದಾಣದ ಫಲಕದ ಫೋಟೊ ತೆಗೆದಿಟ್ಟುಕೊಳ್ಳಿ. ನೀವು ಸೈಕಲ್ಲಿನಲ್ಲಿ, ಅವರು ಬಸ್ಸಿನಲ್ಲಿ ಹೊರಟರೆ ಭೇಟಿಯಾಗುವ ಜಾಗ, ಸಮಯ ಮೊದಲೇ ಮಾತಾಡಿಕೊಳ್ಳಿ.

ನೀಲಿಕೊಡೆ:

ಎಲ್ಲರಿಗೂ ಧನ್ಯವಾದ. ಹಾಗಾದರೆ ಸೆಪ್ಟೆಂಬರ್ ಮೂರನೇ ವಾರ ಅಂತ ಇಟ್ಟುಕೊಳ್ಳುತ್ತೇವೆ. ಅತ್ತೆ ಹೆಚ್ಚು ನಡೆಯದೆ ಕ್ವೊಕ್ಕಾ ನೋಡಲು ಎಲ್ಲಿ ಕೂರಬಹುದು? ಒಂದು ರಾತ್ರಿ ಉಳಿದರೆ ನಿಜಕ್ಕೂ ಲಾಭವಿದೆಯಾ? ರಾತ್ರಿ ಹೊರಗೆ ಓಡಾಡುವುದು ಮಗುವಿಗೆ ಸುರಕ್ಷಿತವೇ? ಹಾವಿದೆ ಅಂತಲೂ ಕೇಳಿದೆ.

ಉಪ್ಪುನೀರು:

ಅತ್ತೆಯವರಿಗೆ ವಸತಿಯ ನಡುವಿನ ಅಂಗಡಿ ಸಾಲೇ ಸಾಕು. ಫೆರ್ರಿ ಕಟ್ಟೆಯಿಂದ ಕೆಲವೇ ನಿಮಿಷದ ಸಮತಟ್ಟು ದಾರಿ, ಬೆಂಚುಗಳಿವೆ, ಬೇಕರಿಯಿದೆ, ಶೌಚಾಲಯವಿದೆ. ಬೆಂಚಿನ ಕೆಳಗೇ ಕ್ವೊಕ್ಕಾ ಬಂದು ಮಲಗುತ್ತದೆ. ಅಂಗಡಿಗಳ ಬಾಗಿಲಲ್ಲಿ ಮೊಣಕಾಲೆತ್ತರದ ಗೇಟು ಇಟ್ಟಿರುತ್ತಾರೆ, ಕ್ವೊಕ್ಕಾ ಒಳನುಗ್ಗದಿರಲಿ ಅಂತ. ಹಾಯುವಾಗ ಹಿಂದೆಯೇ ಮುಚ್ಚಿ. ತಿಂಡಿಯ ತಟ್ಟೆ ಬಿಟ್ಟು ಆಚೆ ಹೋದರೆ ಕೆಳಗಿಂದ ಕ್ವೊಕ್ಕಾ, ಮೇಲಿಂದ ಕಡಲಹಕ್ಕಿ ಮತ್ತು ಕಾಗೆ, ಒಟ್ಟಿನಲ್ಲಿ ತಟ್ಟೆ ಖಾಲಿ. ಜನಜಂಗುಳಿ ಬೇಡ ಅಂದರೆ ಬಸ್ಸಿನಲ್ಲಿ ಜಿಯೋರ್ಡಿ ಬೇಗೆ ಹೋಗಿ ಕೂರಲಿ, ಅಲ್ಲಿ ಶಾಂತವಾಗಿರುತ್ತದೆ.

ರಾತ್ರಿ ಉಳಿಯುವುದಕ್ಕೆ ಲಾಭ ಖಂಡಿತ ಇದೆ. ಕೊನೆಯ ಫೆರ್ರಿ ಹೊರಟ ಮೇಲೆ ದ್ವೀಪ ಖಾಲಿಯಾಗುತ್ತದೆ, ಅಷ್ಟು ಹೊತ್ತು ಎಲ್ಲಿದ್ದವೋ ಅನ್ನುವಷ್ಟು ಕ್ವೊಕ್ಕಾಗಳು ಹುಲ್ಲುಹಾಸಿಗೆ ಇಳಿಯುತ್ತವೆ. ದ್ವೀಪದ ಪ್ರಾಧಿಕಾರದ ಮನೆಗಳು, ಖಾಸಗಿ ಹೋಟೆಲ್, ಡೇರೆ ಹಾಕುವ ಜಾಗ ಮೂರೂ ಇವೆ. ತಿಂಗಳುಗಟ್ಟಲೆ ಮುಂಚೆ ಕಾದಿರಿಸಬೇಕು. ಕೊಠಡಿ ಸಿಕ್ಕ ಮೇಲೆ ಫೆರ್ರಿ ಟಿಕೆಟ್ ತೆಗೆಯಿರಿ, ಉಲ್ಟಾ ಮಾಡಬೇಡಿ.

ಉಳಿದರೆ ಬಾಗಿಲು ಹಾಕಿಯೇ ಇಡಿ. ಸಾಮಾನು ಒಳಗೆ ಒಯ್ಯುವಾಗ ಎರಡು ನಿಮಿಷ ತೆರೆದಿಟ್ಟರೂ ಕ್ವೊಕ್ಕಾ ಮಂಚದ ಕೆಳಗಿರುತ್ತದೆ. ಒಳಬಂದರೆ ಅಟ್ಟಾಡಿಸಬೇಡಿ, ಬಾಗಿಲು ಪೂರ್ತಿ ತೆರೆದು, ದೀಪ ಆರಿಸಿ, ಎಲ್ಲರೂ ಒಂದು ಬದಿಗೆ ನಿಲ್ಲಿ, ತಾನೇ ಹೋಗುತ್ತದೆ. ಹುಲ್ಲಿನ ಮೇಲೆ ಜಿಪ್ ತೆರೆದಿಟ್ಟ ಬ್ಯಾಗನ್ನು ಎತ್ತಿಕೊಳ್ಳುವ ಮುಂಚೆ ಒಳಗೆ ಇಣುಕಿ ನೋಡಿ, ತಿಂಡಿಯ ವಾಸನೆಗೆ ತಲೆ ತೂರಿಸಿ ಕೂತಿರುತ್ತದೆ.

ಗಿಡ್ಡಬಾಲ:

ಹಾವಿದೆ. ಡುಗೈಟ್ ಎಂಬ ಕಂದು ಹಾವು, ವಿಷಪೂರಿತ. ವಸಂತದಲ್ಲಿ ಬಿಸಿಲೇರಿದ ದಿನ ದಾರಿಗೆ ಬಂದು ಮೈ ಕಾಯಿಸಿಕೊಳ್ಳುತ್ತದೆ, ನಿಮ್ಮ ಸೆಪ್ಟೆಂಬರ್ ಆ ಕಾಲಕ್ಕೇ ಬೀಳುತ್ತದೆ. ತಾನಾಗಿ ಮೇಲೆ ಬೀಳುವ ಹಾವಲ್ಲ. ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ, ಮುಚ್ಚಿದ ಬೂಟು ಹಾಕಿ, ಕಂಡರೆ ನಿಂತು ಬಿಡಿ, ಅದು ಹೋಗಲಿ. ಕಚ್ಚಿದರೆ ತೊಳೆಯಬಾರದು, ಕುಯ್ಯಬಾರದು, ನಡೆಸಬಾರದು. ಬೆರಳ ತುದಿಯಿಂದ ಮೇಲಿನವರೆಗೆ ಇಡೀ ಕಾಲಿಗೆ ಅಗಲದ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಕಾಲು ಅಲುಗದಂತೆ ಏನಾದರೂ ದಬ್ಬೆ ಕಟ್ಟಿ ಮಲಗಿಸಿ, ಅಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಿ. ಇದು ಆಸ್ಟ್ರೇಲಿಯಾದ ಹಾವುಗಳಿಗೆ ಹೇಳುವ ಪ್ರಥಮ ಚಿಕಿತ್ಸೆ. ಹತ್ತು ಸೆಂಟಿಮೀಟರ್ ಅಗಲದ ಎರಡು ಬ್ಯಾಂಡೇಜ್ ಬ್ಯಾಗಿನಲ್ಲಿರಲಿ. ವಸತಿಯಲ್ಲಿ ನರ್ಸಿಂಗ್ ಪೋಸ್ಟ್ ಇದೆ, ಸೈಕಲ್ಲಿಂದ ಬಿದ್ದವರೂ ಅಲ್ಲಿಗೇ ಹೋಗುವುದು.

ಅಂಗಳದಲ್ಲಿ ಕಪ್ಪು ಮಿರುಗುವ ದೊಡ್ಡ ಹಲ್ಲಿ ಕಂಡರೆ ಅದು ಕಿಂಗ್ಸ್ ಸ್ಕಿಂಕ್, ವಿಷವಿಲ್ಲ. ಚೂರು ತಿಂಡಿಗೆ ಅದೂ ಸುಳಿಯುತ್ತದೆ, ಕೊಡಬೇಡಿ.

ರಾತ್ರಿ ನೋಡಲು ಹೋಗುವಾಗ ಟಾರ್ಚಿಗೆ ಕೆಂಪು ಗಾಜುಕಾಗದ ಕಟ್ಟಿ, ನೆಲಕ್ಕೆ ಹಿಡಿಯಿರಿ. ಬಿಳಿ ಬೆಳಕನ್ನು ಕಣ್ಣಿಗೆ ಬಿಟ್ಟರೆ ಅವು ಕುರುಡಾದ ಹಾಗೆ ನಿಂತುಬಿಡುತ್ತವೆ. ಕತ್ತಲಾದ ಮೇಲೆ ಸೈಕಲ್ ಬೇಡ. ರಸ್ತೆಯ ಮಧ್ಯೆಯೇ ಕೂತಿರುತ್ತವೆ, ಸೈಕಲ್ ಬಂದರೆ ಯಾವ ಕಡೆ ಜಿಗಿಯುತ್ತವೆ ಅಂತ ಹೇಳಲು ಬರುವುದಿಲ್ಲ.

ಬಂದರುಕಟ್ಟೆ:

ಒಂದು ವಿಷಯ ಯಾರೂ ಎತ್ತಲಿಲ್ಲ. ಈ ದ್ವೀಪ ನೂಂಗರ್ ಜನರ ನೆಲ, ಅವರ ಭಾಷೆಯಲ್ಲಿ ವಾಜಮಪ್. 1838ರಿಂದ 1931ರವರೆಗೆ ಸುಮಾರು 4,000 ಮೂಲನಿವಾಸಿ ಗಂಡಸರನ್ನೂ ಹುಡುಗರನ್ನೂ ಪಶ್ಚಿಮ ಆಸ್ಟ್ರೇಲಿಯಾದ ಉದ್ದಗಲದಿಂದ ಸಂಕೋಲೆ ಹಾಕಿ ತಂದು ಇಲ್ಲಿ ಸೆರೆ ಇಟ್ಟಿದ್ದರು. ಉಪ್ಪು ತೆಗೆಸಿದರು, ಕಲ್ಲು ಒಡೆಸಿದರು, ಇವತ್ತು ಪ್ರವಾಸಿಗರು ಫೋಟೊ ತೆಗೆಯುವ ಹಳೇ ಕಟ್ಟಡಗಳಲ್ಲಿ ಹಲವನ್ನು ಕಟ್ಟಿದ್ದು ಆ ಕೈದಿಗಳೇ. 370ಕ್ಕೂ ಹೆಚ್ಚು ಮಂದಿ ಇಲ್ಲೇ ಸತ್ತರು. ಕ್ವಾಡ್ ಎನ್ನುವ ಸೆರೆಮನೆ ಕಟ್ಟಡ ಆಮೇಲೆ 2018ರವರೆಗೂ ಪ್ರವಾಸಿಗರ ವಸತಿಯಾಗಿತ್ತು ಅನ್ನುವುದು ನಂಬಲು ಕಷ್ಟ, ಆದರೆ ನಿಜ. ಸಮಾಧಿ ನೆಲ ವಸತಿಗೆ ಹತ್ತಿರದಲ್ಲೇ ಇದೆ. ಅಲ್ಲಿ ಕ್ವೊಕ್ಕಾ ಕಂಡಿತು ಅಂತ ಒಳಗೆ ನುಗ್ಗಬೇಡಿ, ಚಾದರ ಹಾಸಿ ಊಟಕ್ಕೆ ಕೂರಬೇಡಿ. ಫಲಕಗಳಿವೆ, ಓದಿಕೊಂಡು ಹೊರಗಿನಿಂದಲೇ ಸಾಗಿ. ವಾಜಮಪ್ ಮ್ಯೂಸಿಯಂ ಅಂಗಡಿ ಸಾಲಿನ ಹಿಂದೆಯೇ, ಅತ್ತೆಯವರೂ ನಡೆಯುವಷ್ಟು ಹತ್ತಿರ. ಬಿಸಿಲು ಏರಿದ ಹೊತ್ತಿನಲ್ಲಿ ಕ್ವೊಕ್ಕಾಗಳು ಮಲಗಿರುವಾಗ ಅದನ್ನು ನೋಡಿ ಮುಗಿಸಬಹುದು.

ಸಾಕುಪ್ರಾಣಿ ತರುವಂತಿಲ್ಲ, ಅನುಮತಿ ಇಲ್ಲದೆ ಡ್ರೋನ್ ಹಾರಿಸುವಂತಿಲ್ಲ.

ಎದುರುಗಾಳಿ:

ಒಂದು ಬಿಟ್ಟುಹೋಗಿತ್ತು. ಬಾಡಿಗೆ ಸೈಕಲ್ ಕೊನೆಯ ಫೆರ್ರಿಗೆ ಕನಿಷ್ಠ ಮುಕ್ಕಾಲು ಗಂಟೆ ಮುಂಚೆ ವಾಪಸ್ ಕೊಡಿ, ಆ ಹೊತ್ತಿಗೆ ಅಲ್ಲಿ ಸಾಲು ಉದ್ದ. ಬುಟ್ಟಿಯಲ್ಲಿ ನೀರಿನ ಬಾಟಲಿ, ಟೋಪಿ ಮರೆಯಬೇಡಿ. ಫೆರ್ರಿ ಟಿಕೆಟ್ಟಿನಲ್ಲಿರುವ ವೇಳೆ ಹೊರಡುವ ವೇಳೆ, ಹತ್ತುವುದು ಅದಕ್ಕೂ ಮೊದಲು. ಉಳಿಯಲು ಕೊಠಡಿ ಇಲ್ಲದವರು ಕೊನೆಯದನ್ನು ನೆಚ್ಚಿಕೊಳ್ಳುವ ಬದಲು, ಸಾಧ್ಯವಾದರೆ ಅದರ ಹಿಂದಿನದಕ್ಕೇ ಸೀಟು ಹಾಕಿಸಿ. ಸಮುದ್ರ ಕೆಟ್ಟು ಕೊನೆಯದು ರದ್ದಾದರೆ ಆರು ವರ್ಷದ ಮಗು, ಮಂಡಿನೋವಿನ ಹಿರಿಯರನ್ನು ಕಟ್ಟಿಕೊಂಡು ರಾತ್ರಿಗೆ ಜಾಗ ಹುಡುಕುವುದು ಕಷ್ಟ. ಒಂದು ರಾತ್ರಿ ಉಳಿಯುವುದಾದರೆ ಈ ಲೆಕ್ಕವೇ ಬೇಡ.